ಕಳ್ಳಿಕಾಡಿನಲ್ಲಿ ಚಿತ್ರಾನ್ನ

ಅಮೆರಿಕದ ಅರಿಜೋನಾದ ಟೂಸಾನ್‌ನಲ್ಲಿ ನಾನು, ಅಮ್ಮ ನಾಲ್ಕು ದಿನ ಇದ್ದೆವು. ಮೂರು ದಿನ ಮಾಲ್ ಸುತ್ತಿದ್ದಷ್ಟೇ. ನಾಲ್ಕನೇ ದಿನ ಸವಾರೊ ನ್ಯಾಷನಲ್ ಪಾರ್ಕಿನ ಸಿಗ್ನಲ್ ಹಿಲ್‌ಗೆ ಬುತ್ತಿ ಕಟ್ಟಿಕೊಂಡು ಹೋದೆವು.

ಮರುಭೂಮಿ ಅಂದರೆ ಸುಮ್ನೆ ಮರಳು ಅಂದುಕೊಂಡಿದ್ದೆ. ಇದು ಕಾಡು! ಮರ ಇರಬೇಕಾದ ಕಡೆಯೆಲ್ಲ ಸವಾರೊ ಕಳ್ಳಿ. ಕೆಲವು 40 ಅಡಿ ಎತ್ತರ, ಕೈ ಎತ್ತಿ ನಿಂತ ಹಾಗೆ. ಚಿತ್ರದುರ್ಗದ ಅಮ್ಮನಿಗೆ ಬೇಲಿಯ ಪಾಪಾಸುಕಳ್ಳಿ ಗೊತ್ತು. ಅದೂ ಅಮೆರಿಕ ಖಂಡದಿಂದಲೇ ಬಂದದ್ದು ಅಂದರೆ ನಂಬಲಿಲ್ಲ.

"ಇದಕ್ಕೆ ಕೈ ಬರೋಕೆ ಎಷ್ಟು ವರ್ಷ ಬೇಕೇ?"

"ಸಾಮಾನ್ಯವಾಗಿ 50-70 ವರ್ಷ."

"ಹಾಗಾದ್ರೆ ಆ ಕೈ ಇಲ್ಲದ್ದು ನನಗಿಂತ ಚಿಕ್ಕದಿರಬೇಕು."

ಗುಡ್ಡದ ಮೇಲೆ, ಹಿಂದೆ ಇಲ್ಲಿದ್ದ ಹೊಹೊಕಮ್ ಜನ ಬಂಡೆಯಲ್ಲಿ ಕೆತ್ತಿದ ಚಿತ್ರಗಳಿವೆ. 550ರಿಂದ 1550 ವರ್ಷ ಹಳೆಯವು. ಸುರುಳಿಯೊಂದು ತುಂಬಾ ಚೆನ್ನಾಗಿದೆ. ಆದರೆ ಅದನ್ನು ನಾನು ನೆಮ್ಮದಿಯಾಗಿ ನೋಡಲಿಲ್ಲ. ಚಪ್ಪಲಿಯಲ್ಲಿ ಹೋಗಿದ್ದೆ. ಫೋಟೋಗೆಂದು ದಾರಿ ಬಿಟ್ಟು ಒಂದೇ ಹೆಜ್ಜೆ ಇಟ್ಟೆ. ಚೋಯಾ ಕಳ್ಳಿಯ ಒಂದು ಉಂಡೆ ಹಿಮ್ಮಡಿಗೆ ಅಂಟಿಕೊಂಡಿತು. ಕೈಯಲ್ಲಿ ಕಿತ್ತರೆ ಕೈಗೆ! ಅದರ ಮುಳ್ಳಿನ ತುದಿಯಲ್ಲಿ ಹಿಮ್ಮುಖ ಕೊಕ್ಕೆಗಳಿರುತ್ತವೆ. ಕೊನೆಗೆ ಅಮ್ಮನ ಬ್ಯಾಗಿನ ಬಾಚಣಿಗೆಯಿಂದ ಎಬ್ಬಿಸಿ ಎಸೆದೆವು. ಹೋಗುವವರು ಬೂಟು ಹಾಕಿಕೊಳ್ಳಿ, ಬಾಚಣಿಗೆ ಇಟ್ಟುಕೊಳ್ಳಿ. ನೀರನ್ನೂ ವಿಸಿಟರ್ ಸೆಂಟರಿನಲ್ಲೇ ತುಂಬಿಸಿಕೊಳ್ಳಿ, ಇಲ್ಲಿ ನಲ್ಲಿ ಇಲ್ಲ.

ಊಟಕ್ಕೆ ಕಲ್ಲಿನ ಮಂಟಪದಲ್ಲಿ ಕೂತೆವು. 1930ರ ದಶಕದಲ್ಲಿ ಸರ್ಕಾರ ಕೆಲಸವಿಲ್ಲದ ಹುಡುಗರಿಂದ ಕಟ್ಟಿಸಿದ್ದು. ಒಳಗೆ ತಂಪು. ಈಗಿನ ತಗಡಿನ ಶೆಡ್ಡುಗಳು ಇದರ ಮುಂದೆ ಏನೇನೂ ಅಲ್ಲ. ಎದುರಿನ ಸವಾರೊದಲ್ಲಿ ಒಂದು ತೂತು. ಹೀಲಾ ಮರಕುಟಿಗ ಕೊರೆದದ್ದು. ಕೊರೆದ ತಕ್ಷಣ ಅದು ಒಳಗೆ ಹೋಗುವುದಿಲ್ಲ, ಒಳಗಿನ ತಿರುಳು ಒಣಗಿ ಗಟ್ಟಿಯಾಗುವ ತನಕ ತಿಂಗಳುಗಟ್ಟಲೆ ಕಾಯುತ್ತದೆ. ಅದು ಬಿಟ್ಟುಹೋದ ಮನೆಗೆ ಗುಬ್ಬಚ್ಚಿಯಷ್ಟೇ ಇರುವ ಎಲ್ಫ್ ಗೂಬೆ ಬರುತ್ತದೆ. ಬಾಡಿಗೆ ಇಲ್ಲ, ಅಡ್ವಾನ್ಸ್ ಇಲ್ಲ.

ಚಿತ್ರಾನ್ನದ ಡಬ್ಬಿ ತೆರೆದದ್ದೇ ತಡ, ಚುಕ್ಕೆ ಚುಕ್ಕೆಯ ಕಂದು ಹಕ್ಕಿಯೊಂದು ಮೇಜಿನ ಕೆಳಗೆ ಬಂತು. ಕ್ಯಾಕ್ಟಸ್ ರೆನ್, ಅರಿಜೋನಾದ ರಾಜ್ಯಪಕ್ಷಿ. ಅದರ ದನಿಯೋ, ಚಳಿಗೆ ಸ್ಟಾರ್ಟ್ ಆಗದ ಹಳೇ ಸ್ಕೂಟರ್. ಅಮ್ಮ ಒಂದು ತುತ್ತು ಎತ್ತಿ ಇಟ್ಟಳು.

"ಇವತ್ತು ಅಮಾವಾಸ್ಯೆ ಕಣೇ. ಕಾಗೆ ಕಾಣಲಿಲ್ಲ, ಇದೇ ತಿನ್ನಲಿ."

"ಬೇಡಮ್ಮ. ಇಲ್ಲಿ ಪ್ರಾಣಿ ಪಕ್ಷಿಗಳಿಗೆ ಏನೂ ಹಾಕೋ ಹಾಗಿಲ್ಲ."

"ಒಂದು ತುತ್ತಿಗೆ ಏನಾಗುತ್ತೆ?"

"ರೂಢಿ ಆಗುತ್ತೆ. ಆಮೇಲೆ ಹುಳ ಹುಡುಕೋದು ಬಿಟ್ಟು ಮೇಜು ಕಾಯುತ್ತೆ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಿಮ್ಮಣ್ಣನ ಥರ," ಅಂದಳು.

ನಾವಿಬ್ಬರೂ ನಕ್ಕ ಸದ್ದಿಗೆ ಹಕ್ಕಿ ಹಾರಿತು. ಹೋಗಿ ಕೂತದ್ದು ಚೋಯಾ ಕಳ್ಳಿಯ ನಡುವೆ, ಅಲ್ಲೇ ಅದರ ಹುಲ್ಲಿನ ಗೂಡು. ಒಂದು ಮುಳ್ಳೂ ತಾಗಲಿಲ್ಲ. ನಾನು ಹಿಮ್ಮಡಿ ಉಜ್ಜಿಕೊಂಡೆ. ಅಮ್ಮ ಎತ್ತಿಟ್ಟ ತುತ್ತನ್ನು ತಾನೇ ತಿಂದಳು.