ಓರೆ ಕಲ್ಲು

ಇವತ್ತು ಇಡೀ ಮಧ್ಯಾಹ್ನ ಒಂದೇ ಒಂದು ಕಲ್ಲು ಕೂರಿಸಿದ್ದು.

ಕುಮಾರಪರ್ವತದ ಚಾರಣದ ದಾರಿ, ನಡುವೆ ಸಿಗೋ ಗಿರಿಗದ್ದೆಗಿಂತ ಸ್ವಲ್ಪ ಕೆಳಗೆ. ನಾಲ್ಕು ಜನ, ಎರಡು ಹಾರೆ, ಒಂದು ಪಿಕ್ಕಾಸು. ಕಾಲಿಗೆ ಹತ್ತಿದ ಇಂಬಳಗಳ ಲೆಕ್ಕ ಬಿಟ್ಟೆ.

ಕಲ್ಲನ್ನು ದಾರಿಗೆ ನೇರ ಅಡ್ಡ ಇಟ್ಟರೆ ಆಗಲ್ಲ. ಓರೆಯಾಗಿ ಇಡಬೇಕು, ಮುಕ್ಕಾಲು ಪಾಲು ಮಣ್ಣಲ್ಲಿ ಹೂಳಬೇಕು. ಮೇಲಿಂದ ಓಡಿ ಬರೋ ಮಳೆನೀರು ಅದಕ್ಕೆ ತಾಗಿ ಪಕ್ಕದ ಕಾಡಿಗೆ ತಿರುಗಬೇಕು. ಇಲ್ಲದಿದ್ದರೆ ದಾರಿಯೇ ತೋಡಾಗುತ್ತೆ. ಮಣ್ಣು ಕೊಚ್ಚಿಹೋಗಿ ಬೇರು ಮೇಲೇಳುತ್ತೆ. ಜನ ಕಾಲು ಜಾರುತ್ತೆ ಅಂತ ಪಕ್ಕದಲ್ಲಿ ಹೊಸ ದಾರಿ ತುಳೀತಾರೆ. ಅಲ್ಲಿದ್ದ ಸಸಿಗಳೂ ಹೋದವು. 1,712 ಮೀಟರ್ ಎತ್ತರದ ತುದಿ ಮುಟ್ಟೋ ಆತುರದಲ್ಲಿ ನಾನೂ ಹಾಗೇ ತುಳಿದಿದ್ದೇನೆ. ನೆನೆದರೆ ಸಂಕಟ.

ಜೊತೆಗಿದ್ದ ಊರಿನ ಹಿರಿಯರು ಕುಕ್ಕರಗಾಲಲ್ಲಿ ಕೂತು ನೋಡಿದರು.

'ಇಷ್ಟು ಓರೆ ಸಾಕಾಗುದಿಲ್ಲ ಮಾರಾಯ್ರೇ, ಇನ್ನು ಸ್ವಲ್ಪ ತಿರುಗಿಸಿ.'

ತಿರುಗಿಸಿದೆವು. ಅವರು ತಮ್ಮ ಬಾಟಲಿಯ ಕುಡಿಯೋ ನೀರನ್ನೇ ಮೇಲಿಂದ ಸುರಿದರು. ನೀರು ಬಂತು. ಕಲ್ಲಿಗೆ ತಾಗಿತು. ಒಂದು ಕ್ಷಣ ನಿಂತಿತು. ಆಮೇಲೆ ಎಡಕ್ಕೆ ಹೊರಳಿ ತರಗೆಲೆಯ ಕೆಳಗೆ ನುಸುಳಿಹೋಯ್ತು.

ಯಾರೂ ಮಾತಾಡಲಿಲ್ಲ.

ಮುಂದೆ ಆ ಕಲ್ಲು ತುಳಿದು ಹೋಗೋರಿಗೆ, ಅದು ಮೊದಲಿಂದಲೂ ಅಲ್ಲೇ ಇತ್ತು ಅನ್ನಿಸಲಿ. ನನಗೆ ಅಷ್ಟೇ ಆಸೆ.

ಈಗ ಕುಕ್ಕೆಯಲ್ಲಿ ಮಳೆ ಹಿಡಿದಿದೆ. ಮೇಲೆ ಕತ್ತಲಲ್ಲಿ ನೀರು ಎಡಕ್ಕೆ ಹೊರಳ್ತಾ ಇರಬೇಕು.