ಸುಖದಲ್ಲಿದ್ದಾಗಲೂ ಕರೆಯುತ್ತಾನೆ

ಸಂಕಟ ಬಂದಾಗ ವೆಂಕಟರಮಣ ಅಂತಾರೆ. ಅದು ನಾವು ದೇವರನ್ನು ಕರೆಯುವ ಹೊತ್ತು. ದೇವರು ನಮ್ಮನ್ನು ಕರೆಯುವುದು ಯಾವಾಗ ಅಂತ ಬೆಳಿಗ್ಗೆಯಿಂದ ಯೋಚಿಸ್ತಾ ಇದ್ದೇನೆ.

2024ರ ಆಗಸ್ಟ್ 7ರ ನಡುರಾತ್ರಿ ನಮ್ಮ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಕುಸಿದು ಬಿತ್ತು. ಮೇಲಿದ್ದ ಲಾರಿಯೂ ನೀರಿಗೆ ಹೋಯಿತು. ಮಳೆಗಾಲದ ತುಂಬಿದ ಹೊಳೆ, ಕಣ್ಣಿಗೆ ಕಾಣದ ಕತ್ತಲು. ಅಂಥದ್ದರಲ್ಲಿ ಮೀನುಗಾರರು, ಪೊಲೀಸರು ಸೇರಿ ಚಾಲಕನನ್ನು ಜೀವಸಹಿತ ಮೇಲೆ ತಂದರು. ಇದು ನನ್ನ ಕೆಲಸವೋ ಅಲ್ಲವೋ ಅಂತ ಯಾರೂ ಲೆಕ್ಕ ಹಾಕುತ್ತ ಕೂತಿರಲಿಕ್ಕಿಲ್ಲ. ಆಪತ್ತಿನಲ್ಲಿ ಕರೆ ಅಷ್ಟು ಜೋರಾಗಿ ಕೇಳಿಸುತ್ತದೆ.

ತೊಡಕು ಇರುವುದು ಹೊಟ್ಟೆ ತುಂಬಿದ ದಿನಗಳಲ್ಲಿ. ಬೈಬಲ್ಲಿನಲ್ಲಿ, ದೇವರ ಕರೆಗೆ ಬೆನ್ನು ತಿರುಗಿಸಿ ಹಡಗು ಹತ್ತಿ ಓಡಿದ ಪ್ರವಾದಿ ಯೋನನನ್ನು ಎಚ್ಚರಿಸಲು ಬಿರುಗಾಳಿಯೇ ಬೇಕಾಯಿತು. ಬಾಲಕ ಸಮುವೇಲ ಮಾತ್ರ ಗುಡಿಯಲ್ಲಿ ನೆಮ್ಮದಿಯಾಗಿ ಮಲಗಿದ್ದ. ದೇವರು ಹೆಸರು ಹಿಡಿದು ಕರೆದರೂ, ಕರೆದದ್ದು ಗುಡಿಯ ಮುದುಕ ಪೂಜಾರಿ ಏಲಿ ಅಂದುಕೊಂಡು ಮೂರು ಸಲ ಅವನ ಹತ್ತಿರ ಓಡಿದ. ಏನೇ ಹೇಳಿ, ನನಗೆ ಸಮುವೇಲನ ಕಥೆಯೇ ಹೆಚ್ಚು ಹತ್ತಿರ. ಶಾಂತ ಹೊತ್ತಿನ ಕರೆ ಬರುವುದು ಪರಿಚಯದ ಮನುಷ್ಯರ ದನಿಯಲ್ಲೇ.

ನಮ್ಮ ಕೇರಿಯಲ್ಲೊಬ್ಬರು ಅಜ್ಜಿ ಇದ್ದಾರೆ, ಮಗ ಗೋವಾದಲ್ಲಿ ದುಡಿಯುತ್ತಾನೆ. ಸಂಜೆ ಜಗಲಿಯಲ್ಲಿ ಕೂತು, ಔಷಧದ ಚೀಟಿಯನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, "ತಂಗಿ, ಇದೊಂಚೂರು ಓದಿ ಹೇಳ್ತೀಯಾ?" ಅನ್ನುತ್ತಾರೆ. ಅದರಲ್ಲಿ ದೇವರ ದನಿ ಇದೆ ಅಂತ ನಾನು ಮನಸಾರೆ ನಂಬುತ್ತೇನೆ. ನಾಡಿದ್ದು ಅವರ ಕಣ್ಣಿನ ತಪಾಸಣೆ ಇದೆ. ರಜೆ ಹಾಕಿದ್ದೇನೆ, ಜೊತೆಗೆ ನಾನೇ ಹೋಗ್ತೇನೆ.