ಮಳೆ + ಕಾಲ

ಸೋಮವಾರ ಒಂಬತ್ತನೇ ಕ್ಲಾಸಿಗೆ ಸಂಧಿ ಪಾಠ ಮಾಡುತ್ತಿದ್ದೆ. ಹೊರಗೆ ಮಳೆ ಸುರಿಯುತ್ತಿತ್ತು. ಅದಕ್ಕೇ ಬೋರ್ಡ್ ಮೇಲೆ ‘ಮಳೆ + ಕಾಲ = ಮಳೆಗಾಲ’ ಅಂತ ಬರೆದೆ. ಲೋಪ ಹೇಳಿ ಆಗಿತ್ತು, ಆಗಮ ಹೇಳಿ ಆಗಿತ್ತು. ಮೂರನೆಯದರ ಹೆಸರು ಬಾಯಿಗೆ ಬರಲೇ ಇಲ್ಲ.

11 ವರ್ಷದಿಂದ ಕನ್ನಡ ಹೇಳಿಕೊಡುತ್ತಿದ್ದೇನೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವಂಥದ್ದು ಅದು. ಕಕಾರ ಹೋಗಿ ಗಕಾರ ಬಂದಿದೆ ಅನ್ನೋದು ಗೊತ್ತು. ಹೆಸರು ಮಾತ್ರ ಇಲ್ಲ. ಸೀಮೆಸುಣ್ಣ ಹಿಡಿದು ನಿಂತೇ ಇದ್ದೆ. ನಾನು ಪ್ರಶ್ನೆ ಕೇಳುತ್ತಿದ್ದೇನೆ ಅಂತ ಮಕ್ಕಳು ಸುಮ್ಮನೆ ಕಾದರು. ಮೊದಲನೇ ಬೆಂಚಿನ ಹುಡುಗಿಯೊಬ್ಬಳಿಗೆ ಮಾತ್ರ ಗೊತ್ತಾಯಿತು. ಕೈ ಎತ್ತಲಿಲ್ಲ, ಎದ್ದು ನಿಲ್ಲಲಿಲ್ಲ. ನನಗಷ್ಟೇ ಕೇಳಿಸುವ ಹಾಗೆ ಮೆಲ್ಲಗೆ, “ಆದೇಶ, ಮಿಸ್” ಅಂದಳು.

ಬಸ್ಸಿನಲ್ಲಿ ಹಾಸನಕ್ಕೆ ವಾಪಸ್ ಬರುವಾಗ ಅದೇ ದನಿ ಕಿವಿಯಲ್ಲಿತ್ತು. ಅಂಥ ಸೂಕ್ಷ್ಮ ಆ ಮಗುವಿಗೆ ಎಲ್ಲಿಂದ ಬಂತೋ.

ಅದಕ್ಕೂ ಮೊದಲು ಮನೆಯಲ್ಲಿ ಎರಡು ಮೂರು ಸಲ ಹೀಗಾಗಿತ್ತು. “ಅದು ಕೊಡ್ರೀ, ಅದು, ಬಡಿಸೋದು” ಅಂತ ಕೈ ಚಾಚಿದ್ದೆ. ಸೌಟು ಅನ್ನುವ ಮಾತು ಸಿಕ್ಕಿರಲಿಲ್ಲ. ನಮ್ಮಜ್ಜಿಗೆ ಕೊನೆಗಾಲದಲ್ಲಿ ಮರೆವು ಹಿಡಿದಿತ್ತು. ನನಗೂ ಅದೇ ಶುರುವಾಯಿತು ಅಂತ ರಾತ್ರಿಯೆಲ್ಲಾ ಹೆದರಿಕೊಂಡಿದ್ದೇನೆ. ಸ್ಟಾಫ್ ರೂಮಿನಲ್ಲಿ ಒಬ್ಬರು, ಟೆನ್ಶನ್ ಜಾಸ್ತಿ, ಧ್ಯಾನ ಮಾಡಿ ಅಂದರು. ಒಳ್ಳೆಯವರೇ. ಆದರೆ ಎಲ್ಲದಕ್ಕೂ ಧ್ಯಾನ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನಿಜ ಹೊಳೆದದ್ದು ಗೋಲಿ ಸೋಡಾದಿಂದ. ಮಂಗಳವಾರ ಸಂಜೆ ಮಹಾರಾಜ ಪಾರ್ಕ್ ಹತ್ತಿರ ಮಗನಿಗೆ ಕೊಡಿಸಿ, ನಾನೂ ಒಂದು ಗುಟುಕು ಕುಡಿದೆ. ಚುರುಚುರು ಅನ್ನಲೇ ಇಲ್ಲ. ತುಕ್ಕು ಹಿಡಿದ ನಲ್ಲಿಯ ನೀರಿನ ಹಾಗಿತ್ತು. ಮಗ ಅದೇ ಬಾಟಲಿ ಕುಡಿದು ಮೂಗಿಗೆ ಹತ್ತಿಸಿಕೊಂಡು ನಕ್ಕ. ಬೆರಳ ತುದಿ ಜುಮುಜುಮು ಅನ್ನುತ್ತಿದ್ದದ್ದೂ ಆಗ ನೆನಪಾಯಿತು. ಹೊಸದಾಗಿ ಶುರುವಾದದ್ದು ಒಂದೇ, ಮೈಗ್ರೇನ್ ಬಾರದ ಹಾಗೆ ದಿನಾ ತಗೊಳ್ಳುತ್ತಿದ್ದ ಟೋಪಿರಮೇಟ್ ಮಾತ್ರೆ. ರಾತ್ರಿ 25 ಮಿಲಿಗ್ರಾಂನಿಂದ ಶುರುಮಾಡಿ, ವಾರಕ್ಕೆ 25 ಏರಿಸುತ್ತಾ ದಿನಕ್ಕೆ 100ಕ್ಕೆ ಬಂದಿದ್ದೆ.

ಗುರುವಾರ ಡಾಕ್ಟರ ಹತ್ತಿರ ಹೋದೆ. ನಾನು ಹೇಳಿ ಮುಗಿಸುವ ಮೊದಲೇ ಅವರು, “ಹೌದಮ್ಮ, ಈ ಮಾತ್ರೆಗೆ ಹೀಗಾಗುತ್ತೆ. ನಾನು ಮೊದಲೇ ಹೇಳಿರಲಿಲ್ವಾ?” ಅಂದರು.

ಹೇಳಿರಲಿಲ್ಲ. ಅವರು ಕೆಟ್ಟವರಲ್ಲ, ಹೊರಗೆ ನಲವತ್ತು ಜನ ಟೋಕನ್ ಹಿಡಿದು ಕೂತಿರುತ್ತಾರೆ. ಆದರೆ ಆ ಒಂದು ಮಾತಿಗೆ ಅರ್ಧ ನಿಮಿಷ ಸಾಕಿತ್ತು ಅಲ್ವಾ? ಮಾತು ಸಿಗದೆ ತಡವರಿಸಬಹುದು, ಬೆರಳು ಜುಮ್ಮೆನ್ನಬಹುದು, ಹೆದರಬೇಡಿ, ಬಂದು ಹೇಳಿ. ಅಷ್ಟೇ. ಅವತ್ತು ನಾನೇ ಬಿಡದೆ ಕೇಳಿದೆ, ಅವರೂ ಕೂತು ಹೇಳಿದರು. ನಾಲಿಗೆಗೆ ಸೋಡಾದ ಚುರುಕು ತಿಳಿಸುವ ಒಂದು ಕಿಣ್ವವನ್ನು ಈ ಮಾತ್ರೆ ತಡೆಯುತ್ತದಂತೆ. ಕಿಡ್ನಿಯಲ್ಲಿ ಕಲ್ಲಾಗಬಹುದು, ಅದಕ್ಕೆ ನೀರು ಚೆನ್ನಾಗಿ ಕುಡಿಯಬೇಕು. ಕಣ್ಣು ಇದ್ದಕ್ಕಿದ್ದಂತೆ ನೋವಾಗಿ ಮಂಜಾದರೆ ಅವತ್ತೇ ಓಡಿ ಬರಬೇಕು. ಒಂದೇ ಸಲಕ್ಕೆ ನಿಲ್ಲಿಸಬಾರದು. ಈಗ 75ಕ್ಕೆ ಇಳಿಸಿದ್ದಾರೆ, ಮುಂದಿನ ವಾರ 50.

ನೀರು ಕುಡಿಯಿರಿ ಅನ್ನುವುದು ಸುಲಭ. ಶಾಲೆಯ ಟಾಯ್ಲೆಟ್‌ಗೆ ಬಾಗಿಲಿಲ್ಲದೆ ಸಂಜೆವರೆಗೂ ಬಾಯಾರಿಕೆ ತಡೆದುಕೊಂಡಿರುವ ಟೀಚರ್‌ಗಳು ಎಷ್ಟು ಜನ ಇದ್ದಾರೆ.

ನನಗೆ ತುಂಬಾ ನೋವಾದದ್ದು ಬೇರೆ ವಿಷಯಕ್ಕೆ. ಬಸುರಿಯಾಗಿದ್ದಾಗ ಈ ಮಾತ್ರೆ ತಗೊಂಡರೆ ಮಗುವಿಗೆ ಸೀಳುತುಟಿ ಬರುವ ಅಪಾಯ ಜಾಸ್ತಿ. ನನಗೆ 34. ಎರಡನೇ ಮಗುವಿನ ಮಾತು ಮನೆಯಲ್ಲಿ ಆಗಾಗ ಬರುತ್ತದೆ. ಆ ಯೋಚನೆ ಇದೆಯಾ ಅಂತ ಮಾತ್ರೆ ಬರೆಯುವಾಗ ಯಾರೂ ಕೇಳಲಿಲ್ಲ.

ಇದರ ಮಧ್ಯೆ ನಾದಿನಿ ಫೋನಿನಲ್ಲಿ ಮಾತ್ರೆ ಹೆಸರು ಹುಡುಕಿ, “ಇದು ಫಿಟ್ಸ್ ಮಾತ್ರೆ ಅಲ್ವಾ ಅತ್ತಿಗೆ?” ಅಂದಳು. ಆ ದನಿಯಲ್ಲಿ ಅನುಮಾನ ಇತ್ತು. ಹೌದು, 1996ರಲ್ಲಿ ಅಮೆರಿಕದಲ್ಲಿ ಫಿಟ್ಸ್‌ಗೆ ಅಂತಲೇ ಒಪ್ಪಿಗೆ ಸಿಕ್ಕಿದ್ದು. ಮೈಗ್ರೇನ್ ತಡೆಯಲು ಒಪ್ಪಿಗೆ ಸಿಕ್ಕಿದ್ದು 2004ರಲ್ಲಿ. ಫಿಟ್ಸ್ ಇದ್ದರೂ ಅದರಲ್ಲಿ ಮುಚ್ಚಿಡುವಂಥದ್ದು ಏನಿದೆ?

ಮಾತ್ರೆಯನ್ನು ಬೈಯಲು ನನಗೆ ಮನಸ್ಸಿಲ್ಲ. ತಿಂಗಳಿಗೆ ಎಂಟು ಸಲ ಕತ್ತಲೆ ಕೋಣೆಯಲ್ಲಿ ಬಕೆಟ್ ಪಕ್ಕದಲ್ಲಿಟ್ಟುಕೊಂಡು ಮಲಗುತ್ತಿದ್ದೆ. ಈ ತಿಂಗಳು ಎರಡೇ ಸಲ.

ಶುಕ್ರವಾರ ಮಕ್ಕಳಿಗೆ ನಿಜ ಹೇಳಿದೆ. ಮಿಸ್‌ಗೆ ಸಂಧಿ ಮರೆತಿರಲಿಲ್ಲ, ತಲೆನೋವಿನ ಮಾತ್ರೆಯಿಂದ ಹಾಗಾಯಿತು ಅಂತ. ಬೆಲ್ ಹೊಡೆದ ಮೇಲೆ ಮೊದಲನೇ ಬೆಂಚಿನ ಹುಡುಗಿ ಮೇಜಿನ ಹತ್ತಿರ ಬಂದಳು. “ನಮ್ಮಮ್ಮನೂ ತಲೆನೋವಿಗೆ ದಿನಾ ಮಾತ್ರೆ ನುಂಗ್ತಾರೆ ಮಿಸ್. ನುಂಗಿದ್ರೇನೇ ತೋಟದ ಕೆಲಸಕ್ಕೆ ಹೋಗಕ್ಕಾಗೋದು.”

ದಿನಾ ಅಂದ ಕೂಡಲೇ ನನಗೆ ಎದೆ ಧಸಕ್ ಅಂತು. ಎರಡು ವರ್ಷದ ಹಿಂದೆ ನಾನೂ ಅದೇ ಗುಂಡಿಯಲ್ಲಿ ಬಿದ್ದಿದ್ದೆ. ಸಾಧಾರಣ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ, ಅದಕ್ಕಿಂತ ಜಾಸ್ತಿ, ಮೂರು ತಿಂಗಳು ದಾಟಿಸಿ ನುಂಗುತ್ತಾ ಹೋದರೆ ಆ ಮಾತ್ರೆಯೇ ತಲೆನೋವು ತರುತ್ತದೆ. ಎರ್ಗೊಟಮಿನ್ ಇರುವ ಮಾತ್ರೆಗಾದರೆ 10 ದಿನವೇ ಸಾಕು. ಅದು ರಕ್ತನಾಳವನ್ನು ಬಿಗಿ ಮಾಡುವ ಔಷಧಿ. ಎರಿಥ್ರೊಮೈಸಿನ್‌ನಂಥ ಆ್ಯಂಟಿಬಯೋಟಿಕ್ ಜೊತೆ ಸೇರಿದರೆ ಕೈಕಾಲಿಗೆ ರಕ್ತವೇ ಹೋಗದ ಹಾಗೆ ಆಗಬಹುದು. ಯಾವ ಮಾತ್ರೆ ಅಂತ ಕೇಳಿದರೆ ಅವಳಿಗೆ ಗೊತ್ತಿಲ್ಲ. ಖಾಲಿ ಪಟ್ಟಿ ಇದ್ದರೆ ತಗೊಂಡು ಬಾ ಅಂದೆ.

ಇವತ್ತು ನೋಟ್‌ಬುಕ್ ಹಾಳೆಯಲ್ಲಿ ಮಡಿಸಿ ತಂದಿದ್ದಳು. ನಾಲ್ಕು ಮಾತ್ರೆಯ ತುಂಡು. ಎರಡೂ ಕಡೆ ಕತ್ತರಿ ಆಡಿಸಿ ಕೊಟ್ಟಿದ್ದಾರೆ. ಹೆಸರಿನ ಜಾಗದಲ್ಲಿ ಇಂಗ್ಲಿಷಿನ ಕೊನೆಯ ಮೂರು ಅಕ್ಷರ ಉಳಿದಿತ್ತು, ಅಷ್ಟೇ. ಅವಳು ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು.

ಅಂಗಡಿ ಯಾವುದು ಅಂತ ಕೇಳಿದೆ. ಬಸ್ ಸ್ಟಾಂಡ್ ಎದುರಿಂದು ಅಂದಳು. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ, ಒಂದೇ ಕೊಡೆಯಲ್ಲಿ, ಇಬ್ಬರೂ ಅಲ್ಲಿಗೆ ಹೋದೆವು.